ಸೂರ್ಯನಿಗೆ ಚಿಕ್ಕ ದೂರದರ್ಶಕವೇ ಸಾಕು

ನಮ್ಮ ನಿತ್ಯದ ಉದ್ಯೋಗ ದೂರದರ್ಶನ. ಇಂದಿನ ಮಾತು ದೂರದರ್ಶಕದ್ದು. ಎರಡು ಪದಗಳ ನಡುವೆ ಒಂದೇ ಅಕ್ಷರದ ವ್ಯತ್ಯಾಸ ಇರುವುದರಿಂದಲೋ ಏನೋ, ದೂರದರ್ಶಕ ಕೊಳ್ಳುವುದು ಹೇಗೆಂದು ಕೇಳುವ ಪತ್ರಗಳು ಆಗಾಗ ನನ್ನ ಮೇಜಿಗೆ ಬರುತ್ತವೆ. ಈಚೆಗೆ ಬಂದ ಒಂದು ಪತ್ರ ಬೆಳಗಾವಿ ಜಿಲ್ಲೆ ರಾಮದುರ್ಗ ತಾಲ್ಲೂಕಿನ ಸುರೇಬಾನದ ಕಡೆಯದು. ಬರೆದವರು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು. ಶಾಲೆಯ ಕಪಾಟಿನಲ್ಲಿ ಹಳೆಯದೊಂದು 60 ಮಿಲಿಮೀಟರ್ ಮಸೂರದ ದೂರದರ್ಶಕ ಪೆಟ್ಟಿಗೆಯಲ್ಲೇ ಉಳಿದುಬಿಟ್ಟಿದೆ. ಹಳೆಯ ವಿದ್ಯಾರ್ಥಿಗಳು ಸ್ವಲ್ಪ ಹಣ ಕೂಡಿಸಿ ಕೊಟ್ಟಿದ್ದಾರೆ. ಆ ಹಣದಲ್ಲಿ ದೊಡ್ಡದೊಂದು ಕನ್ನಡಿ ದೂರದರ್ಶಕವನ್ನು ತರಿಸಿ, ಮಕ್ಕಳಿಗೆ ಸೂರ್ಯನನ್ನು ತೋರಿಸಬೇಕೆಂಬುದು ಅವರ ವಿಚಾರ. ಯಾವುದನ್ನು ಕೊಳ್ಳಬೇಕು, ಹಳೆಯದನ್ನು ಏನು ಮಾಡಬೇಕು ಎಂಬುದು ಪ್ರಶ್ನೆ.

ನಾನೂ ಅದೇ ಸೀಮೆಯವನು. ಫೋನ್ ಮಾಡಿ, ‘ಮಾಸ್ತರ್, ಸೂರ್ಯನೇ ಯಾಕೆ? ಚಂದ್ರ, ಶನಿಯ ಉಂಗುರ ಇವೆಲ್ಲ ಬೇಡವೆ?’ ಎಂದು ಕೇಳಿದೆ. ‘ಏನ್ ಮಾಡೋದ್ರಿ ಸರ್, ರಾತ್ರಿ ಮಕ್ಕಳನ್ನ ಕರಸೋದು ಆಗಂಗಿಲ್ಲ. ಸುತ್ತಮುತ್ತಲ ಹಳ್ಳಿಯಿಂದ ಬರೋ ಹುಡುಗ್ರು ಸಂಜಿ ಬಸ್ಸಿಗೆ ಹೋಗಿಬಿಡ್ತಾವ. ಹಗಲಿನ್ಯಾಗ ಸಾಲಿ ನಡಿಯೂ ಹೊತ್ತಿಗೆ ಸಿಗಾಂವ ಅಂದ್ರ ಸೂರ್ಯ ಒಬ್ಬನ’ ಎಂದರು. ಇದಕ್ಕಿಂತ ಸರಿಯಾದ ಕಾರಣ ಇನ್ನೊಂದಿಲ್ಲ. ಅದರ ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಬಹುದು. ರಾತ್ರಿಯ ನಕ್ಷತ್ರಗಳನ್ನು ಎಷ್ಟು ದೊಡ್ಡ ದೂರದರ್ಶಕದಲ್ಲಿ ನೋಡಿದರೂ ನಮ್ಮ ಕಣ್ಣಿಗೆ ಅವು ಚುಕ್ಕೆಗಳೇ. ಮುಖ ಕಾಣಿಸುವ ನಕ್ಷತ್ರ ಒಂದೇ ಒಂದು. ಆ ಮುಖ ದಿನದಿಂದ ದಿನಕ್ಕೆ ಬದಲಾಗುವುದನ್ನು ಪೆನ್ಸಿಲ್ ಹಿಡಿದು ಬರೆದಿಡಲೂ ಬಹುದು.

ಆದ್ದರಿಂದ ಇಂದಿನ ಮಾತು ಆ ಶಿಕ್ಷಕರಿಗೆ ಕೊಟ್ಟ ಉತ್ತರದ ವಿಸ್ತರಣೆ.

ಕೊಳ್ಳುವ ಮೊದಲು ಒಂದು ವಸ್ತುವನ್ನು ಎಸೆಯಬೇಕಾಗಿದೆ. ಹಳೆಯ ಅಗ್ಗದ ದೂರದರ್ಶಕಗಳ ಪೆಟ್ಟಿಗೆಯಲ್ಲಿ, ಐಪೀಸುಗಳ ಜೊತೆಗೆ, ಕಡುಹಸಿರು ಅಥವಾ ಕಪ್ಪು ಬಣ್ಣದ ಗುಂಡಿಯಷ್ಟು ಗಾಜು ಇರುತ್ತದೆ. ಅದರ ಅಂಚಿನ ಮೇಲೆ ‘ಸನ್’ ಎಂದು ಕೊರೆದಿರುತ್ತದೆ. ಕಣ್ಣಿಡುವ ಕಡೆಯ ಮಸೂರಕ್ಕೆ ಇದನ್ನು ತಿರುಗಿಸಿ ಕೂರಿಸಿದರೆ ಸೂರ್ಯನನ್ನು ನೋಡಬಹುದೆಂದು ಕಾಗದದಲ್ಲಿ ಬರೆದಿರುತ್ತಾರೆ. ಮಾಸ್ತರರ ಪೆಟ್ಟಿಗೆಯಲ್ಲೂ ಅದು ಇತ್ತು. ಆ ಗಾಜನ್ನು ಕಲ್ಲಿನ ಮೇಲಿಟ್ಟು ಒಡೆದು ಹಾಕಿ ಎಂದು ಹೇಳಿದೆ. ಕಪಾಟಿನಲ್ಲಿ ಇಟ್ಟರೆ ನಾಳೆ ಅದು ಯಾರ ಕೈಗೆ ಸಿಗುತ್ತದೆಯೋ ಹೇಳಲಾಗದು.

ಕಾರಣ ಸರಳವಾಗಿದೆ. ಬಿಸಿಲಿನಲ್ಲಿ ನಮ್ಮ ಕಣ್ಣಿನ ಪಾಪೆ ಕಿರಿದಾಗಿ ಸುಮಾರು 2 ಮಿಲಿಮೀಟರ್ ಆಗುತ್ತದೆ. ದೂರದರ್ಶಕದ ಮಸೂರ 60 ಮಿಲಿಮೀಟರ್, ಅಂದರೆ ಅಗಲದಲ್ಲಿ ಮೂವತ್ತು ಪಟ್ಟು. ಕ್ಷೇತ್ರಫಲದಲ್ಲಿ ಮೂವತ್ತು ಮೂವತ್ತಲ ಒಂಬೈನೂರು ಪಟ್ಟು. ಬರಿಗಣ್ಣಿಗೇ ತಡೆಯಲಾಗದ ಬಿಸಿಲಿನ ಒಂಬೈನೂರರಷ್ಟನ್ನು ಕೂಡಿಸಿ ಆ ಮಸೂರ ಒಂದೆಡೆಗೆ ಕಳಿಸುತ್ತದೆ. ಆ ಒಂದೆಡೆಯ ಹತ್ತಿರವೇ ಈ ಗಾಜಿನ ಗುಂಡಿ ಕುಳಿತಿರುತ್ತದೆ. ಭೂತಗನ್ನಡಿಯಿಂದ ಹತ್ತಿ ಸುಟ್ಟ ಮಕ್ಕಳಿಗೆಲ್ಲ ಅಲ್ಲಿ ಏನಾಗುತ್ತದೆಂದು ಗೊತ್ತು. ಗಾಜು ಕಾಯುತ್ತದೆ, ಕಾದ ಗಾಜು ಒಂದು ಹೊತ್ತಿನಲ್ಲಿ ಸೀಳುತ್ತದೆ. ಆಗ ಅದರ ಹಿಂದೆ ಒಂದು ಮಗುವಿನ ಕಣ್ಣಿರುತ್ತದೆ.

ಈ ಸಂಗತಿ ನಮ್ಮ ವೃತ್ತಿಯವರಿಗೆ ಬೇರೆ ದಾರಿಯಿಂದ ತಿಳಿದಿದೆ. ಟ್ಯೂಬಿನ ಕ್ಯಾಮೆರಾಗಳಿದ್ದ ಕಾಲದಲ್ಲಿ ಕ್ಯಾಮೆರಾವನ್ನು ಸೂರ್ಯನ ಕಡೆಗೆ ತಿರುಗಿಸಬಾರದೆಂಬುದು ಹೊಸಬರು ಕಲಿಯುತ್ತಿದ್ದ ಮೊದಲ ಪಾಠ. 1969ರ ನವೆಂಬರಿನಲ್ಲಿ ಅಪೊಲೊ 12ರ ಗಗನಯಾತ್ರಿ ಅಲನ್ ಬೀನ್ ಚಂದ್ರನ ನೆಲದ ಮೇಲೆ ಟೆಲಿವಿಷನ್ ಕ್ಯಾಮೆರಾವನ್ನು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಒಯ್ಯುವಾಗ ಅದು ಅರೆಗಳಿಗೆ ಸೂರ್ಯನ ಕಡೆ ತಿರುಗಿತು. ಅಷ್ಟಕ್ಕೇ ಕ್ಯಾಮೆರಾ ಕೆಟ್ಟಿತು. ಚಂದ್ರನ ನೆಲದಿಂದ ನೇರ ಪ್ರಸಾರವನ್ನು ಕಾದು ಕುಳಿತಿದ್ದ ಜನಕ್ಕೆ ಅಂದು ಧ್ವನಿಯಷ್ಟೇ ಉಳಿಯಿತು. ಕ್ಯಾಮೆರಾ ಹೋದರೆ ಇನ್ನೊಂದನ್ನು ತರಬಹುದು. ಕಣ್ಣಿನ ಹಿಂಬದಿಯ ಅಕ್ಷಿಪಟಲಕ್ಕೆ ಬದಲಿ ಇಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಅಕ್ಷಿಪಟಲಕ್ಕೆ ನೋವು ತಿಳಿಯುವ ನರಗಳಿಲ್ಲ. ಅದು ಸುಡುತ್ತಿರುವಾಗ ‘ಅಯ್ಯೋ’ ಎನ್ನಿಸುವುದಿಲ್ಲ. ಕೆಲವು ಗಂಟೆಗಳ ನಂತರ ಪುಸ್ತಕದ ಅಕ್ಷರಗಳ ನಡುವೆ ಮಬ್ಬು ಕಲೆಯೊಂದು ಕುಳಿತಾಗಲೇ ಗೊತ್ತಾಗುವುದು.

ಇನ್ನು ದೊಡ್ಡದೋ ಚಿಕ್ಕದೋ ಎಂಬ ಪ್ರಶ್ನೆ. ರಾತ್ರಿಯ ಆಕಾಶಕ್ಕೆ ದೂರದರ್ಶಕ ಕೊಳ್ಳುವವರು ಬಾಯಿ ಅಗಲವಿದ್ದಷ್ಟೂ ಒಳ್ಳೆಯದೆಂದು ಹೇಳುತ್ತಾರೆ. ಅದು ನಿಜ, ಏಕೆಂದರೆ ಅಲ್ಲಿ ಬೆಳಕಿಗೆ ಬರ. ಸೂರ್ಯನ ವಿಷಯದಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಬಂದ ಬೆಳಕಿನ ಲಕ್ಷದಲ್ಲಿ ಒಂದು ಪಾಲನ್ನು ಇಟ್ಟುಕೊಂಡು ಉಳಿದದ್ದನ್ನೆಲ್ಲ ಹೊರಗೆ ಹಾಕಬೇಕು. ಹೊರಗೆ ಹಾಕುವುದಕ್ಕಾಗಿಯೇ ಹೆಚ್ಚು ಬೆಳಕನ್ನು ಹಣ ಕೊಟ್ಟು ತರುವುದರಲ್ಲಿ ಅರ್ಥವಿಲ್ಲ.

ಸೂಕ್ಷ್ಮ ವಿವರಗಳು ದೊಡ್ಡದರಲ್ಲಿ ಹೆಚ್ಚು ಕಾಣುವುದಿಲ್ಲವೆ ಎಂದು ನೀವು ಕೇಳಬಹುದು. ಕಾಣಬೇಕಾದದ್ದು ಸರಿ, ಆದರೆ ನಡುವೆ ಗಾಳಿ ಇದೆ. ಒಂದು ಡಿಗ್ರಿಯ 3,600ನೆಯ ಒಂದು ಭಾಗಕ್ಕೆ ಒಂದು ಸೆಕೆಂಡು ಎನ್ನುತ್ತಾರೆ. 60 ಮಿಲಿಮೀಟರ್ ಮಸೂರ ಸುಮಾರು ಎರಡು ಸೆಕೆಂಡುಗಳಷ್ಟು ಕಿರಿದಾದ ವಿವರವನ್ನು ಬಿಡಿಸಿ ತೋರಿಸಬಲ್ಲದು. ಸೂರ್ಯನ ಮೇಲೆ ಅದು ಸುಮಾರು 1,450 ಕಿಲೋಮೀಟರ್. ಬೆಂಗಳೂರು ಸುರೇಬಾನಗಳ ನಡುವೆ ಮೂರು ಸಲ ಪ್ರಯಾಣ ಮಾಡಿದಷ್ಟು ದೂರ ಎನ್ನಿ. ಹಗಲು ಹೊತ್ತು, ನೆಲ ಕಾದ ಮೇಲೆ, ನಮ್ಮ ಬಯಲುಸೀಮೆಯ ಗಾಳಿ ಎರಡು ಮೂರು ಸೆಕೆಂಡುಗಳಿಗಿಂತ ಕಿರಿದಾದುದನ್ನು ಸಾಮಾನ್ಯವಾಗಿ ಕಲಸಿಬಿಡುತ್ತದೆ. ಕಾದ ಡಾಂಬರು ರಸ್ತೆಯ ಮೇಲೆ ದೂರದ ಎತ್ತಿನ ಗಾಡಿ ನಡುಗುವಂತೆ ಕಾಣುವುದಿಲ್ಲವೆ, ಅದೇ ನಡುಕ ಇದು. 150 ಮಿಲಿಮೀಟರ್ ಕನ್ನಡಿ ತಂದರೆ ಆ ನಡುಕವೇ ಇನ್ನಷ್ಟು ದೊಡ್ಡದಾಗಿ, ಸ್ಪಷ್ಟವಾಗಿ ಕಾಣುತ್ತದೆ.

ಚಿಕ್ಕದೆಂದು ತಾತ್ಸಾರ ಬೇಡ. ಎರಡು ಸಾವಿರ ಮೀಟರಿಗೂ ಮಿಕ್ಕ ಎತ್ತರದ ಬೆಟ್ಟದ ಮೇಲೆ 1899ರಲ್ಲಿ ಆರಂಭವಾದ ಕೊಡೈಕನಾಲ್ ಸೌರ ವೀಕ್ಷಣಾಲಯ ಈಗ ಬೆಂಗಳೂರಿನ ಕೋರಮಂಗಲದಲ್ಲಿ ಕೇಂದ್ರ ಕಚೇರಿ ಇರುವ ಭಾರತೀಯ ಖಭೌತ ಸಂಸ್ಥೆಯ ಅಂಗ. ಸೂರ್ಯನ ಬಿಳಿಬೆಳಕಿನ ಚಿತ್ರಗಳನ್ನು ಮೋಡವಿಲ್ಲದ ದಿನಗಳಲ್ಲಿ ತೆಗೆದಿಡುವ ಕೆಲಸ ಅಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲ ನಡೆದಿದೆ. ಜಗತ್ತಿನ ಸೌರ ವಿಜ್ಞಾನಿಗಳು ಇಂದಿಗೂ ಹುಡುಕಿಕೊಂಡು ಬರುವ ಭಂಡಾರ ಅದು. ಆ ಚಿತ್ರಗಳಿಗೆ ಬಹುಕಾಲ ಬಳಸಿದ ದೂರದರ್ಶಕದ ಮಸೂರ 15 ಸೆಂಟಿಮೀಟರ್, ಆರೇ ಆರು ಇಂಚು. ಆ ಭಂಡಾರಕ್ಕೆ ಬೆಲೆ ಬಂದದ್ದು ಮಸೂರದ ಅಗಲದಿಂದಲ್ಲ, ದಿನ ತಪ್ಪಿಸದ ಕೆಲಸದಿಂದ.

ಹಾಗಾದರೆ ಕಪಾಟಿನ 60 ಮಿಲಿಮೀಟರಿನಲ್ಲಿ ಏನು ಕಾಣುತ್ತದೆ? ಸೂರ್ಯನ ದೂರದಲ್ಲಿ ನಮ್ಮ ಭೂಮಿಯನ್ನು ಇಟ್ಟರೆ ಅದು ಹದಿನೇಳು ಹದಿನೆಂಟು ಸೆಕೆಂಡಿನ ಪುಟ್ಟ ಬಿಲ್ಲೆಯಾಗುತ್ತದೆ. ಎರಡು ಸೆಕೆಂಡು ಬಿಡಿಸುವ ಮಸೂರಕ್ಕೆ ಅದು ಸುಲಭದ ತುತ್ತು. ಸೌರಕಲೆಗಳು ಹಲವು ಸಲ ಭೂಮಿಗಿಂತ ದೊಡ್ಡವು. ಕಲೆಯ ಕಪ್ಪು ನಡುಭಾಗ, ಅದರ ಸುತ್ತಲಿನ ಬೂದು ಅಂಚು, ಬಿಂಬದ ಅಂಚಿಗೆ ಹೋದಂತೆ ಬೆಳಕು ಮಂಕಾಗುವುದು, ಆ ಮಂಕಿನಲ್ಲಿ ಹೊಳೆಯುವ ಬಿಳಿ ಪಟ್ಟೆಗಳು, ಇಷ್ಟೂ 60 ಮಿಲಿಮೀಟರಿನಲ್ಲಿ ಸಿಗುತ್ತವೆ. ಸೂರ್ಯನ ಮೈಯೆಲ್ಲ ಅಕ್ಕಿನುಚ್ಚು ಹರಡಿದಂತೆ ಕಾಣುವ ಕಣಕಣ ರಚನೆ ಬೇಕೆಂದರೆ 80 ಅಥವಾ 100 ಮಿಲಿಮೀಟರ್ ಮಸೂರವೂ, ಗಾಳಿ ನಿಂತ ಒಂದು ಮುಂಜಾನೆಯೂ ಬೇಕು.

ಆದ್ದರಿಂದ ನನ್ನ ಸಲಹೆ, ಮೊದಲ ಖರ್ಚು ಫಿಲ್ಟರಿಗೆ. ಇದು ಕೂರಬೇಕಾದದ್ದು ದೂರದರ್ಶಕದ ಮುಂದಿನ ಬಾಯಿಗೆ, ಇಡೀ ಮಸೂರವನ್ನು ಮುಚ್ಚುವಂತೆ. ಬಿಸಿಲು ಒಳಗೆ ಹೋಗುವ ಮೊದಲೇ ಹೊರಗೆ ತಡೆಯಲ್ಪಡಬೇಕು. ಇದಕ್ಕೆಂದೇ ಲೋಹಲೇಪನ ಮಾಡಿದ ತೆಳುಹಾಳೆಗಳು ಸಿಗುತ್ತವೆ. ಕಾಗದದ ದೊಡ್ಡ ಹಾಳೆಯಷ್ಟಕ್ಕೆ ಕೆಲವೇ ಸಾವಿರ ರೂಪಾಯಿ, ಅದರಲ್ಲಿ 60 ಮಿಲಿಮೀಟರಿನ ಹಲವು ಫಿಲ್ಟರುಗಳಾಗುತ್ತವೆ. ಕಂಪನಿಯ ಹೆಸರು ಹೇಳುವುದು ನಮ್ಮ ವಾಹಿನಿಯ ಪದ್ಧತಿಯಲ್ಲ. ಹೆಸರಿಗಿಂತ ಮುಖ್ಯವಾದ ಒಂದು ಅಂಕಿಯನ್ನು ಮಾತ್ರ ಬರೆದಿಟ್ಟುಕೊಳ್ಳಿ. ಹಾಳೆಯ ದಟ್ಟತೆ 5 ಎಂದಿರಬೇಕು. ಅದು ಬೆಳಕಿನ ಲಕ್ಷದಲ್ಲೊಂದು ಪಾಲನ್ನು ಮಾತ್ರ ಬಿಡುತ್ತದೆ. ಅದೇ ಅಂಗಡಿಯಲ್ಲಿ, ನೋಡಲು ಅದೇ ರೀತಿಯ, 3.8 ದಟ್ಟತೆಯ ಹಾಳೆಯೂ ಇರುತ್ತದೆ. ಅದು ಕ್ಯಾಮೆರಾಕ್ಕಾಗಿ ಮಾಡಿದ್ದು. 5ರ ಹಾಳೆಗಿಂತ ಸುಮಾರು ಹದಿನಾರು ಪಟ್ಟು ಹೆಚ್ಚು ಬೆಳಕನ್ನು ಬಿಡುತ್ತದೆ, ಕಣ್ಣಿಟ್ಟು ನೋಡಲು ಸಲ್ಲದು.

ಹಾಳೆಯನ್ನು ಕೂರಿಸಲು ಕಾರ್ಖಾನೆಯ ಚೌಕಟ್ಟೇ ಬೇಕೆಂದಿಲ್ಲ. ದಪ್ಪ ರಟ್ಟಿನ ಎರಡು ಬಳೆಗಳನ್ನು ಕತ್ತರಿಸಿ, ನಡುವೆ ಹಾಳೆಯನ್ನಿಟ್ಟು, ಎರಡೂ ಬದಿ ಅಂಟುವ ಟೇಪಿನಿಂದ ಕೂಡಿಸಿ, ಕೊಳವೆಯ ಸುತ್ತಳತೆಗೆ ಬಿಗಿಯಾಗಿ ಕೂರುವ ರಟ್ಟಿನ ಉರುಳೆಗೆ ಅಂಟಿಸಿದರೆ ಸಾಕು. ಹಾಳೆಯನ್ನು ತಮಟೆಯ ಚರ್ಮದಂತೆ ಎಳೆದು ಬಿಗಿಯಬಾರದು. ಸ್ವಲ್ಪ ಸುಕ್ಕಿದ್ದರೆ ಬಿಂಬಕ್ಕೆ ಕೇಡಿಲ್ಲ, ಎಳೆದರೇ ಕೇಡು. ಉರುಳೆಯನ್ನು ಕೊಳವೆಗೆ ಟೇಪಿನಿಂದ ಸುತ್ತಿ ಭದ್ರ ಮಾಡುವುದನ್ನು ಮಾತ್ರ ಎಂದೂ ಮರೆಯಬಾರದು. ಆಷಾಢದ ಗಾಳಿಯನ್ನು ಬಲ್ಲವರಿಗೆ ಕಾರಣ ಹೇಳಬೇಕಾಗಿಲ್ಲ. ಪ್ರತಿ ದಿನ ಬಳಸುವ ಮುನ್ನ ಹಾಳೆಯನ್ನು ದೀಪದ ಎದುರು ಹಿಡಿದು ನೋಡಿ. ಸೂಜಿಮೊನೆಯಷ್ಟು ತೂತು, ಗೀರು ಕಂಡರೆ ಆ ಫಿಲ್ಟರಿನ ಕೆಲಸ ಮುಗಿಯಿತು, ಹೊಸದನ್ನು ಮಾಡಿಕೊಳ್ಳಿ.

ಕೊಳವೆಯ ಪಕ್ಕದಲ್ಲಿ ಗುರಿ ಹಿಡಿಯಲು ಪುಟ್ಟ ದೂರದರ್ಶಕ ಇನ್ನೊಂದಿರುತ್ತದೆ. ಅದಕ್ಕೂ ಮಸೂರವಿದೆ, ಅದೂ ಸುಡುತ್ತದೆ. ಅದನ್ನು ಬಿಚ್ಚಿಡಿ. ಗುರಿ ಹಿಡಿಯುವುದು ಹೇಗೆ ಎಂದರೆ, ನೆಲದ ಮೇಲೆ ಬಿದ್ದ ಕೊಳವೆಯ ನೆರಳನ್ನು ನೋಡುತ್ತ ಕೊಳವೆಯನ್ನು ಆಡಿಸಿ. ಉದ್ದನೆಯ ನೆರಳು ಕುಗ್ಗುತ್ತ ಬಂದು ದುಂಡಗಾದಾಗ ಸೂರ್ಯ ಒಳಗೆ ಬಂದಿರುತ್ತಾನೆ.

ಎಕ್ಸ್‌ರೇ ಫಿಲ್ಮು, ಮಸಿ ಹಿಡಿದ ಗಾಜು, ತಂಪು ಕನ್ನಡಕ, ಸಿ.ಡಿ. ಇವೆಲ್ಲ ಬರಿಗಣ್ಣಿಗೂ ಸಲ್ಲವು, ದೂರದರ್ಶಕಕ್ಕಂತೂ ಮಾತೇ ಬೇಡ. ಗ್ರಹಣದ ಕನ್ನಡಕ ಒಳ್ಳೆಯದೇ, ಆದರೆ ಅದನ್ನು ಹಾಕಿಕೊಂಡು ಫಿಲ್ಟರಿಲ್ಲದ ದೂರದರ್ಶಕದಲ್ಲಿ ಇಣುಕಿದರೆ ಕೂಡಿಬಂದ ಬಿಸಿಲು ಕನ್ನಡಕದ ಹಾಳೆಯನ್ನೇ ಸುಟ್ಟು ತೂತು ಮಾಡುತ್ತದೆ. ಅಂದಹಾಗೆ, ಇವನ್ನೆಲ್ಲ ಗ್ರಹಣದ ವಾರದಲ್ಲಿ ಕೊಳ್ಳಲು ಹೋಗಬೇಡಿ. ಆಗ ಬೇಡಿಕೆ ಹೆಚ್ಚಿ ನಕಲಿಗಳು ಬರುತ್ತವೆ, ಅವಸರದಲ್ಲಿ ಯಾರೂ ಅಂಕಿ ನೋಡುವುದಿಲ್ಲ.

ಗ್ರಹಣದ ಮಾತು ಬಂದದ್ದರಿಂದ ನಮ್ಮ ಮನೆಯ ಸಂಗತಿಯನ್ನೂ ಹೇಳಿಬಿಡುತ್ತೇನೆ. 1980ರ ಫೆಬ್ರವರಿ 16ರಂದು ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದು ಹೋದ ಪೂರ್ಣಗ್ರಹಣವನ್ನು ನೋಡಲು ದೇಶವಿದೇಶಗಳ ವಿಜ್ಞಾನಿಗಳು ನಮ್ಮ ಸೀಮೆಗೆ ಬಂದಿದ್ದರು. ನಮ್ಮ ಮನೆಗಳವರು ಕದ ಹಾಕಿಕೊಂಡು ಒಳಗಿದ್ದರು. ಆ ಮಧ್ಯಾಹ್ನ ಜನ ಹೊರಗೆ ಬಾರದಿರಲೆಂದು ದೂರದರ್ಶನ ಸಿನಿಮಾ ತೋರಿಸಿತ್ತು ಎಂಬ ಮಾತು ನಮ್ಮ ವೃತ್ತಿಯಲ್ಲಿ ಈಗಲೂ ನಡೆಯುತ್ತದೆ. ಅದೇ ದೂರದರ್ಶನ 1995ರ ಅಕ್ಟೋಬರ್ 24ರ ಪೂರ್ಣಗ್ರಹಣವನ್ನು ನೇರ ಪ್ರಸಾರ ಮಾಡಿತು. ದೀಪಾವಳಿಯ ಆ ಬೆಳಿಗ್ಗೆ ಟಿ.ವಿ. ಮುಂದೆ ಕುಳಿತ ಶಾಲಾ ಹುಡುಗರಲ್ಲಿ ನಾನೂ ಒಬ್ಬ. ಹೆದರಿ ಒಳಗೆ ಕೂರುವುದು ಬೇಡ, ಗುಂಡಿಗಾಜಿನ ಧೈರ್ಯವೂ ಬೇಡ. ಇವೆರಡರ ನಡುವೆ ಒಂದು ಹಾಳೆ ಫಿಲ್ಟರಿನಷ್ಟು ಜಾಗವಿದೆ.

ಒಂದೇ ಸಲ ನಲವತ್ತು ಮಕ್ಕಳಿಗೆ ತೋರಿಸಬೇಕಾದಾಗ ಸಾಲು ನಿಲ್ಲಿಸುವುದು ಕಷ್ಟ. ಆಗ ಬಿಂಬವನ್ನು ರಟ್ಟಿನ ಮೇಲೆ ಬೀಳಿಸುವ ವಿಧಾನ ಉಪಯೋಗಕ್ಕೆ ಬರುತ್ತದೆ. 1612ರಲ್ಲಿ ಗೆಲಿಲಿಯೊ ಸೌರಕಲೆಗಳ ಚಿತ್ರಗಳನ್ನು ಬರೆದದ್ದು ಹೀಗೆಯೇ, ಇದನ್ನು ಅವನಿಗೆ ತೋರಿಸಿಕೊಟ್ಟವನು ಅವನ ಶಿಷ್ಯ ಕ್ಯಾಸ್ಟೆಲ್ಲಿ. ಇಲ್ಲಿ ಫಿಲ್ಟರಿಲ್ಲ. ದೂರದರ್ಶಕದ ಹಿಂದೆ ಬಿಳಿ ಕಾಗದ ಅಂಟಿಸಿದ ಹಲಗೆಯನ್ನು ಹಿಡಿಯಬೇಕು. ನಾಭಿದೂರ 900 ಮಿಲಿಮೀಟರ್ ಇದ್ದರೆ, 25 ಮಿಲಿಮೀಟರಿನ ಐಪೀಸ್ ಹಾಕಿ, ಹಲಗೆಯನ್ನು ಸುಮಾರು ಅರ್ಧ ಮೀಟರ್ ದೂರದಲ್ಲಿಟ್ಟರೆ 15 ಸೆಂಟಿಮೀಟರ್ ಅಗಲದ ಸೂರ್ಯ ಬೀಳುತ್ತಾನೆ. ಊರಿನ ಬಡಿಗೇರರು ಎರಡು ಪಟ್ಟಿ, ಒಂದು ಹಲಗೆಯಿಂದ ಅರ್ಧ ದಿನದಲ್ಲಿ ಇದನ್ನು ಮಾಡಿಕೊಡುತ್ತಾರೆ. ಪ್ಲಾಸ್ಟಿಕ್ ಐಪೀಸ್ ಹಾಕಬೇಡಿ, ಕರಗುತ್ತದೆ. ಹಲವು ಗಾಜುಗಳನ್ನು ಅಂಟಿಸಿ ಮಾಡಿದ ದುಬಾರಿಯದನ್ನೂ ಹಾಕಬೇಡಿ, ಅಂಟು ಹಾಳಾಗುತ್ತದೆ. ಹಳೆಯ ದೂರದರ್ಶಕದ ಜೊತೆ ಬಂದ, ಯಾರಿಗೂ ಬೇಡವಾದ ಸಾದಾ ಗಾಜಿನ ಐಪೀಸೇ ಇದಕ್ಕೆ ಒಳ್ಳೆಯದು. ಕನ್ನಡಿ ದೂರದರ್ಶಕಗಳಲ್ಲಿ ಈ ಪ್ರಯೋಗ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಫಿಲ್ಟರಿಲ್ಲದೆ ತೆರೆದಿರುವ ಐಪೀಸಿನ ಪಕ್ಕದಲ್ಲಿ ದೊಡ್ಡವರೊಬ್ಬರು ಕೊನೆಯವರೆಗೂ ನಿಂತಿರಬೇಕು. ಮಕ್ಕಳಿಗೆ ತೂತು ಕಂಡರೆ ಇಣುಕುವುದು ಸಹಜ.

ಫಿಲ್ಟರಾದ ಮೇಲೆ ಎರಡನೆಯ ಸುಧಾರಣೆ ಪೀಠದ್ದು. ಸೂರ್ಯ ತನ್ನ ಅಗಲದಷ್ಟು ದೂರವನ್ನು ಎರಡು ನಿಮಿಷದಲ್ಲಿ ಸರಿಯುತ್ತಾನೆ. ಅಲುಗಾಡುವ ಮುಕ್ಕಾಲಿಯ ಮೇಲೆ ಒಂದು ಮಗು ನೋಡಿ ಇನ್ನೊಂದು ಬಗ್ಗುವ ಹೊತ್ತಿಗೆ ಬಿಂಬ ಓಡಿಹೋಗಿರುತ್ತದೆ. ಹಣವಿದ್ದರೆ, ಭೂಮಿ ತಿರುಗುವ ಅಕ್ಷಕ್ಕೆ ಹೊಂದಿಸಬಹುದಾದ ಪೀಠವನ್ನು ಕೊಳ್ಳಿ. ಅದರಲ್ಲಿ ಒಂದೇ ತಿರುಪನ್ನು ತಿರುಗಿಸುತ್ತ ಹೋದರೆ ಸೂರ್ಯ ಕದಲದೆ ನಿಲ್ಲುತ್ತಾನೆ. ಹಗಲಿನಲ್ಲಿ ಧ್ರುವನಕ್ಷತ್ರ ಕಾಣುವುದಿಲ್ಲವಲ್ಲ ಎಂಬ ಚಿಂತೆ ಬೇಡ. ಸುರೇಬಾನದ ಅಕ್ಷಾಂಶ ಸುಮಾರು 16 ಡಿಗ್ರಿ. ಪೀಠದ ಅಕ್ಷವನ್ನು ನೆಲದಿಂದ 16 ಡಿಗ್ರಿ ಎತ್ತರಿಸಿ, ದಿಕ್ಸೂಚಿ ತೋರಿಸುವ ಉತ್ತರಕ್ಕೆ ತಿರುಗಿಸಿದರೆ ನಮ್ಮ ಕೆಲಸಕ್ಕೆ ಸಾಕು. ನಮ್ಮ ಭಾಗದಲ್ಲಿ ದಿಕ್ಸೂಚಿಗೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸ ತೀರ ಕಡಿಮೆ. ಪೀಠ ನಿಲ್ಲುವ ಮೂರು ಜಾಗಗಳಿಗೆ ಅಂಗಳದಲ್ಲಿ ಸಿಮೆಂಟಿನ ಗುರುತು ಮಾಡಿಟ್ಟರೆ ದಿನಾ ಅಳೆಯುವ ಶ್ರಮವೂ ತಪ್ಪುತ್ತದೆ.

ಐಪೀಸುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 900 ಮಿಲಿಮೀಟರ್ ನಾಭಿದೂರಕ್ಕೆ 25 ಮಿಲಿಮೀಟರಿನದು 36 ಪಟ್ಟು, 10ರದು 90 ಪಟ್ಟು ದೊಡ್ಡದು ಮಾಡಿ ತೋರಿಸುತ್ತವೆ. ಎರಡು ಸಾಕು. ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ ಐನೂರು ಪಟ್ಟು, ಆರುನೂರು ಪಟ್ಟುಗಳನ್ನು ನಂಬಬೇಡಿ, ಹಗಲಿನ ಗಾಳಿಯಲ್ಲಿ ನೂರು ದಾಟಿದರೆ ಬರಿ ಮಸುಕು. ಹಳೆಯ ದೂರದರ್ಶಕದ ಐಪೀಸು ಕೂರುವ ತೂತು ಹಲವು ಸಲ 24.5 ಮಿಲಿಮೀಟರಿನದಾಗಿರುತ್ತದೆ, ಇಂದಿನವು 31.7 ಮಿಲಿಮೀಟರಿನವು. ಎರಡನ್ನೂ ಕೂಡಿಸುವ ಜೋಡಣೆಯ ತುಂಡು ಸಿಗುತ್ತದೆ, ಅಳತೆ ನೋಡಿ ತರಿಸಿರಿ.

ಮೂರನೆಯ ಸುಧಾರಣೆಗೆ ಕಾಸೂ ಬೇಡ. ನಿಲ್ಲುವ ಜಾಗ, ನೋಡುವ ಹೊತ್ತು ಎರಡನ್ನೂ ಬದಲಿಸಬೇಕು. ಶಾಲೆಯ ಸ್ಲ್ಯಾಬಿನ ಮೇಲೆ ದೂರದರ್ಶಕವನ್ನು ಒಯ್ಯುವ ಆಸೆ ಎಲ್ಲರಿಗೂ ಇರುತ್ತದೆ. ಕಾಂಕ್ರೀಟು ಕಾದು ಅಲ್ಲಿಂದಲೇ ಬಿಸಿಗಾಳಿ ಏಳುತ್ತದೆ. ಅದಕ್ಕಿಂತ ಹುಲ್ಲಿನ ನೆಲ ಮೇಲು. ಉದಯಪುರದ ಸೌರ ವೀಕ್ಷಣಾಲಯವನ್ನು ಫತೇಸಾಗರ ಕೆರೆಯ ನಡುಗಡ್ಡೆಯ ಮೇಲೆ ಕಟ್ಟಿರುವುದು ಚೆಲುವಿಗಾಗಿ ಅಲ್ಲ. ಸುತ್ತ ನೀರಿದ್ದರೆ ನೆಲ ಬೇಗ ಕಾಯುವುದಿಲ್ಲ, ಗಾಳಿ ಕದಡುವುದಿಲ್ಲ. ನಮ್ಮ ಕಡೆ ಕೆರೆ ಇಲ್ಲದಿದ್ದರೂ ಪೂರ್ವಕ್ಕೆ ಹಸಿರು ಬೆಳೆಯಿರುವ ಹೊಲ ನೋಡಿಕೊಳ್ಳಬಹುದು. ಬರಿ ಎರೆನೆಲ ಬೇಡ, ಕಪ್ಪು ಮಣ್ಣು ಎಲ್ಲಕ್ಕಿಂತ ಮೊದಲು ಕಾಯುತ್ತದೆ. ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆಯವರೆಗಿನ ಹೊತ್ತು ಉತ್ತಮ. ಶಾಲೆಯ ಪ್ರಾರ್ಥನೆಗೆ ಮುಂಚಿನ ಅರ್ಧ ಗಂಟೆ ಅದಕ್ಕೆ ಸರಿಯಾಗಿ ಹೊಂದುತ್ತದೆ. ಮುಂಗಾರಿನ ಮೋಡಗಳು ಸರಿದ ಮೇಲೆ ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಮಳೆನೆರಳಿನ ಈ ಸೀಮೆಗೆ ಸಿಗುವ ನಿರ್ಮಲ ಮುಂಜಾವುಗಳನ್ನು ಮಲೆನಾಡಿನ ಶಾಲೆಗಳವರು ಕಂಡರೆ ಹೊಟ್ಟೆಕಿಚ್ಚು ಪಡಬೇಕು.

ಇಷ್ಟೆಲ್ಲ ಆದ ಮೇಲೂ ಹಣ ಉಳಿದು, ಹೊಸದನ್ನು ಕೊಳ್ಳಲೇಬೇಕೆಂದರೆ 80 ಮಿಲಿಮೀಟರಿನ ಮಸೂರದ ದೂರದರ್ಶಕ ತೆಗೆದುಕೊಳ್ಳಿ. ನಾಭಿದೂರ ಅಗಲದ ಹತ್ತು ಹನ್ನೆರಡು ಪಟ್ಟು ಇರಲಿ, ಬಿಂಬದ ಅಂಚಿಗೆ ನೇರಳೆ ಬಣ್ಣ ಅಂಟುವುದು ಕಡಿಮೆಯಾಗುತ್ತದೆ. ಮುಂದಿನ ಫಿಲ್ಟರಿನ ಜೊತೆಗೆ ಐಪೀಸಿಗೊಂದು ಹಸಿರು ಬಣ್ಣದ ಫಿಲ್ಟರನ್ನೂ ಸೇರಿಸಿದರೆ ಕಲೆಗಳ ಅಂಚು ಇನ್ನಷ್ಟು ಖಚಿತವಾಗುತ್ತದೆ. ಗಮನಿಸಿ, ಇದು ಮುಂದಿನ ಫಿಲ್ಟರಿನ ಜೊತೆಗೆ, ಅದರ ಬದಲಿಗೆ ಅಲ್ಲ. ಹರ್ಶೆಲ್ ಪಟ್ಟಕ ಎಂಬ ಗಾಜಿನ ಸಾಧನವೊಂದಿದೆ. ಅದು ಬೆಳಕಿನ ನೂರರಲ್ಲಿ ನಾಲ್ಕೈದು ಪಾಲನ್ನಷ್ಟೇ ಕಣ್ಣಿನ ಕಡೆಗೆ ಪ್ರತಿಫಲಿಸಿ, ಉಳಿದದ್ದನ್ನು ಹಿಂದಕ್ಕೆ ಬಿಡುತ್ತದೆ, ಬಂದ ಪಾಲನ್ನೂ ಮತ್ತೊಂದು ಫಿಲ್ಟರಿನಿಂದ ತಗ್ಗಿಸಬೇಕು. ಬಿಂಬ ಬಹಳ ಚೆನ್ನಾಗಿರುತ್ತದೆ. ಮಸೂರದ ದೂರದರ್ಶಕಕ್ಕೆ ಮಾತ್ರ ಸಲ್ಲುವ, ಅನುಭವಿಗಳ ಕೈಯಲ್ಲಿರಬೇಕಾದ ಸಾಧನ ಅದು. ಶಾಲೆಗೆ ನಾನು ಹೇಳುವುದಿಲ್ಲ.

ಇನ್ನೊಂದು ಆಸೆ ಎಲ್ಲರಿಗೂ ಇದೆ. ಸೂರ್ಯನ ಅಂಚಿನಿಂದ ಚಿಮ್ಮುವ ಕೆಂಪು ಜ್ವಾಲೆಗಳ ಚಿತ್ರಗಳನ್ನು ನೋಡಿದವರು ಅದನ್ನೇ ಕೇಳುತ್ತಾರೆ. ಅವು ಕಾಣುವುದು ಹೈಡ್ರೊಜನ್ನಿನ 656.3 ನ್ಯಾನೊಮೀಟರಿನ ಕೆಂಪು ಬೆಳಕಿನಲ್ಲಿ, ಅದೂ ನ್ಯಾನೊಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಕಿರಿದಾದ ಸಂದಿಯಿಂದ ನೋಡಿದಾಗ. ಅಂತಹ ಸಂದಿಯನ್ನು ಮಾಡುವ ಫಿಲ್ಟರೇ ಆ ದೂರದರ್ಶಕದ ಬಹುಪಾಲು ಬೆಲೆ. ಮಸೂರ 40 ಅಥವಾ 50 ಮಿಲಿಮೀಟರ್ ಅಷ್ಟೇ, ಬೆಲೆ ಲಕ್ಷ ರೂಪಾಯಿಯ ಆಸುಪಾಸು. ಅದರಲ್ಲಿ ಬೇರೇನನ್ನೂ ನೋಡಲಾಗದು. ನೋಡಿದವರು ಮರೆಯುವುದಿಲ್ಲ ಎಂಬುದು ನಿಜ, ಆದರೂ ಮೊದಲ ಖರ್ಚು ಅದಾಗಬಾರದು. ಹೈಡ್ರೊಜನ್ ಆಲ್ಫಾ ಎಂದೇ ಹೆಸರಿಟ್ಟು ರಾತ್ರಿಯ ನೀಹಾರಿಕೆಗಳ ಛಾಯಾಚಿತ್ರಕ್ಕಾಗಿ ಮಾರುವ ಅಗ್ಗದ ಫಿಲ್ಟರುಗಳೂ ಇವೆ. ಹೆಸರೊಂದೇ ಎಂದು ಅವನ್ನು ಸೂರ್ಯನಿಗೆ ಹಾಕಿದರೆ ಕಣ್ಣು ಹೋಗುತ್ತದೆ. ಮೊಬೈಲಿಗೆ ತಾನಾಗಿ ಚಿತ್ರ ಕಳಿಸುವ ಪುಟ್ಟ ದೂರದರ್ಶಕಗಳು ಈಚೆಗೆ ಬಂದಿವೆ, ಅವಕ್ಕೂ ಮುಂದಿನ ಸೌರ ಫಿಲ್ಟರು ಬೇಕು. ಕಣ್ಣಿಗೆ ಅಪಾಯವಿಲ್ಲವೆಂಬುದು ಅವುಗಳ ಗುಣ. ಆದರೆ ಪರದೆಯ ಮೇಲೆ ಸೂರ್ಯನನ್ನು ತೋರಿಸಲು ನಾವು ಟಿ.ವಿ.ಯವರು ಇದ್ದೇ ಇದ್ದೇವೆ. ಶಾಲೆಯ ಅಂಗಳದಲ್ಲಿ ಮಗು ತನ್ನ ಕಣ್ಣಿನಿಂದಲೇ ನೋಡಲಿ.

ನೋಡಿದ್ದನ್ನು ಬರೆಯುವುದಕ್ಕೆ 15 ಸೆಂಟಿಮೀಟರಿನ ವೃತ್ತ ಎಳೆದ ಕಾಗದಗಳ ಒಂದು ಪುಸ್ತಕ ಮಾಡಿಡಿ. ದಿನಾಂಕ, ಗಂಟೆ, ಗಾಳಿಯ ಸ್ಥಿತಿ, ಬರೆದ ಮಗುವಿನ ಹೆಸರು ಇರಲಿ. ಗುಂಪುಗಳನ್ನು ಎಣಿಸಿ ಹತ್ತರಿಂದ ಗುಣಿಸಿ, ಬಿಡಿ ಕಲೆಗಳ ಸಂಖ್ಯೆಯನ್ನು ಕೂಡಿಸಿದರೆ ಆ ದಿನದ ಸೌರಕಲೆ ಸಂಖ್ಯೆ. ಮೂರು ಗುಂಪು, ಹದಿನಾಲ್ಕು ಕಲೆ ಎಂದರೆ 44. ಹತ್ತು ದಿನ ಬರೆದರೆ ಕಲೆಗಳು ಬಿಂಬದ ಮೇಲೆ ಪಶ್ಚಿಮದಂಚಿಗೆ ಸರಿಯುವುದು ಕಾಣುತ್ತದೆ. ದೊಡ್ಡ ಕಲೆಯೊಂದು ಉಳಿದರೆ ಸುಮಾರು 27 ದಿನಕ್ಕೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಸೂರ್ಯ ತಿರುಗುತ್ತಾನೆ ಎಂಬುದು ಆಗ ಪಾಠಪುಸ್ತಕದ ವಾಕ್ಯವಾಗಿ ಉಳಿಯುವುದಿಲ್ಲ.

2019ರ ಡಿಸೆಂಬರಿನಲ್ಲಿ ಆರಂಭವಾದ ಈಗಿನ ಸೌರಚಕ್ರ 2024ರಲ್ಲಿ ತುದಿ ಮುಟ್ಟಿತು. ಆ ವರ್ಷದ ಮೇ ತಿಂಗಳಿನಲ್ಲಿ ಭೂಮಿಯ ಹದಿನೈದು ಪಟ್ಟು ಅಗಲದ ಕಲೆಗಳ ಗುಂಪೊಂದು ಬಂದು, ಮೇ 10, 11ರ ಕಾಂತ ಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆಯ ಆಕಾಶವೂ ಕೆಂಪಾಯಿತು. ಆ ಗುಂಪನ್ನು ಗ್ರಹಣದ ಕನ್ನಡಕ ಹಾಕಿಕೊಂಡು ದೂರದರ್ಶಕವಿಲ್ಲದೆಯೇ ನೋಡಬಹುದಾಗಿತ್ತು. ಇನ್ನು ಮುಂದಿನ ವರ್ಷಗಳಲ್ಲಿ ಕಲೆಗಳು ಕಡಿಮೆಯಾಗುತ್ತ ಹೋಗುತ್ತವೆ, ದಶಕದ ಕೊನೆಗೆ ಬರಿ ಬಿಂಬ ಮಾತ್ರ ಕಾಣುವ ದಿನಗಳೂ ಬಂದಾವು. ಆ ದಿನಗಳಲ್ಲಿ ಸೊನ್ನೆ ಎಂದು ಬರೆಯಬೇಕು, ಸೊನ್ನೆಯೂ ಒಂದು ವೀಕ್ಷಣೆಯೇ.

2027ರ ಆಗಸ್ಟ್ 2ರ ಸೋಮವಾರ ಸಂಜೆಯ ಕಡೆಗೆ ನಮ್ಮಲ್ಲಿ ಭಾಗಶಃ ಗ್ರಹಣವಿದೆ, ಮಳೆಗಾಲದ ಮೋಡ ಅವಕಾಶ ಕೊಡಬೇಕು. ಅದಕ್ಕಿಂತ ಈ ದೂರದರ್ಶಕಕ್ಕೆ ಹೇಳಿ ಮಾಡಿಸಿದಂತಿರುವುದು 2032ರ ನವೆಂಬರ್ 13. ಅಂದು ಬುಧಗ್ರಹ ಸೂರ್ಯನ ಮುಖದ ಮೇಲೆ ಹಾದುಹೋಗುತ್ತದೆ. ಬುಧ ಅಂದು ಹತ್ತು ಸೆಕೆಂಡಿನಷ್ಟು ಅಗಲದ ಕರಿಚುಕ್ಕೆ. ಗ್ರಹಣದ ಕನ್ನಡಕದಲ್ಲಿ ಅದು ಕಾಣದು, 60 ಮಿಲಿಮೀಟರಿಗೆ ಸುಲಭ. ನಮ್ಮ ಗಡಿಯಾರದ ಪ್ರಕಾರ ಮಧ್ಯಾಹ್ನ 12 ದಾಟಿದ ಮೇಲೆ ಶುರುವಾಗಿ ಸಂಜೆ ನಾಲ್ಕೂವರೆ ಕಳೆದ ಮೇಲೆ ಮುಗಿಯುತ್ತದೆ. ಆ ದಿನ ಶನಿವಾರ. ಬೆಳಗಿನ ಶಾಲೆ ಮುಗಿದ ಮೇಲೆ ಮಕ್ಕಳನ್ನು ಊಟ ಮಾಡಿಕೊಂಡು ಬರಲು ಹೇಳಬಹುದು.